ಕಾಡಿನ ಕೆಳಗಿನ ವಠಾರ

ಕಳೆದ ವಾರ ಮಗಳ ಹಲ್ಲಿನ ತಂತಿ ಬಿಗಿ ಮಾಡಿಸಲು ಫ್ಯಾಕ್ಟೋರಿಯಾಕ್ಕೆ ಹೋಗಿದ್ದೆ. ವಿಳಾಸ ನೋಡಿದಾಗ ಏನೂ ಹೊಳೆಯಲಿಲ್ಲ. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು, ಒದ್ದೆ ಕಾರ್ಪೆಟ್ಟಿನ ವಾಸನೆ ಮುಖಕ್ಕೆ ಬಡಿದಾಗಲೇ ಗೊತ್ತಾಗಿದ್ದು, ಇದು ನಮ್ಮ ಹಳೆಯ ಆಫೀಸು ಎಂದು. ಗೋಡೆ ಬದಲಾಗಿದೆ, ಬೋರ್ಡು ಬದಲಾಗಿದೆ, ಕಾರ್ಪೆಟ್ಟು ಮಾತ್ರ ಅದೇ. ಇಂಚರಾಳನ್ನು ಒರಗಿಸಿದ ಕುರ್ಚಿ ಇದ್ದದ್ದು ಹೆಚ್ಚುಕಡಿಮೆ ನನ್ನ ಮೇಜು ಇದ್ದ ಜಾಗದಲ್ಲೇ. ಕಿಟಕಿಯಾಚೆ ಅದೇ ಹೆದ್ದಾರಿ, ಅದೇ ಮಳೆ. ನಾಲ್ಕು ವರ್ಷದ ಹಿಂದಿನ ಚಳಿಗಾಲದಲ್ಲಿ ನಾನು ಆ ಜಾಗದಲ್ಲಿ ಕೂತು ಒಂದು ಇಡೀ ಊರನ್ನು ಅಳಿಸಿಹಾಕಿದ್ದೆ. ಆಮೇಲೆ ನಾನೇ ಅದನ್ನು ಹುಡುಕಿಯೂ ಕೊಟ್ಟೆ. ಎರಡನ್ನೂ ಅಚ್ಚುಕಟ್ಟಾಗಿಯೇ ಮಾಡಿದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅದಕ್ಕೆ ಮುಂಚೆ ಒಂಬತ್ತು ವರ್ಷ ನಾನು ಕೆಲಸಕ್ಕೆ ಹೋಗಿರಲಿಲ್ಲ. ಮೈಸೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಒಂದು ನಕ್ಷೆ ಕಂಪನಿಯಲ್ಲಿ ಮೂರು ವರ್ಷ ದುಡಿದವಳು. ಮದುವೆಯಾಗಿ ಇಲ್ಲಿಗೆ, ಅಮೆರಿಕಕ್ಕೆ, ಬಂದಾಗ ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಮಾಡುವ ಹಾಗಾದಾಗ ಮಗು ಚಿಕ್ಕದಿತ್ತು. ನಾವಿರುವ ಮಿಲ್ ಕ್ರೀಕ್‌ನ ಕನ್ನಡದವರು ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ನಾನು 'ಬಿಸಿಬೇಳೆಬಾತ್ ಸವಿತಾ' ಎಂದಷ್ಟೇ ಹೆಸರಾಗಿದ್ದೆ. ಬಿಸಿಬೇಳೆಬಾತ್ ಚೆನ್ನಾಗಿ ಮಾಡುತ್ತೇನೆ, ಅದು ಬೇರೆ ಮಾತು. ಆದರೆ ಹೊಸಬರ ಮುಂದೆ ಗಂಡನ ಕಂಪನಿಯ ಹೆಸರು ಹೇಳಿ ನನ್ನನ್ನು ಪರಿಚಯ ಮಾಡಿಕೊಡುವಾಗಲೆಲ್ಲ ಮೈ ಉರಿಯುತ್ತಿತ್ತು.

ಹೀಗಿರುವಾಗ ಆ ನವೆಂಬರಿನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳ ಕಾಂಟ್ರಾಕ್ಟ್, ಕೆಲಸ ಒಪ್ಪಿಗೆಯಾದರೆ ಪರ್ಮನೆಂಟ್. ಮ್ಯಾನೇಜರ್ ಹಿಂದೂಪುರದವರು, ಎಲ್ಲರಿಗೂ ರಾವ್ ಗಾರು. ಮನೆಮಾತು ತೆಲುಗಾದರೂ ಗಡಿಯವರಾದ್ದರಿಂದ ಕನ್ನಡ ನೀರು ಕುಡಿದಷ್ಟು ಸುಲಭ. ಇಂಟರ್‌ವ್ಯೂನಲ್ಲಿ ನನ್ನ ಒಂಬತ್ತು ವರ್ಷದ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿ, "ಇಲ್ಲಿ ಏನು ಮಾಡ್ತಾ ಇದ್ರಮ್ಮಾ?" ಎಂದು ಕೇಳಿದರು.

"ಮನೆ ನಡೆಸ್ತಿದ್ದೆ ಸರ್. ನಿಮ್ಮ ಆಫೀಸಿಗಿಂತ ಕ್ಲೀನಾಗಿ," ಎಂದೆ. ಅವರ ಮೇಜಿನ ಮೇಲೆ ಮೂರು ದಿನದ ಕಾಫಿ ಲೋಟಗಳಿದ್ದವು. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ನಕ್ಕು ಸೇರಿಸಿಕೊಂಡರು.

ಕೆಲಸವೇನೆಂದರೆ, ವಿಮಾನವೊಂದು ಕಾಡಿನ ಮೇಲೆ ಹಾರುತ್ತಾ ಕೆಳಕ್ಕೆ ಲೇಸರ್ ಬೆಳಕನ್ನು ಸುರಿಯುತ್ತದೆ. ಬಹುಪಾಲು ಕಿರಣಗಳು ಎಲೆಗೆ ತಾಗಿ ಹಿಂದಿರುಗುತ್ತವೆ. ಎಲೆಗಳ ಸಂದಿಯಲ್ಲಿ ನುಸುಳಿದ ಕೆಲವು ಮಾತ್ರ ನೆಲ ಮುಟ್ಟುತ್ತವೆ. ಹಿಂದಿರುಗಿ ಬಂದ ಒಂದೊಂದು ಕಿರಣವೂ ಪರದೆಯ ಮೇಲೆ ಒಂದೊಂದು ಚುಕ್ಕಿ. ಅಂಥ ಕೋಟಿಗಟ್ಟಲೆ ಚುಕ್ಕಿಗಳಲ್ಲಿ ಯಾವುದು ಮರ, ಯಾವುದು ಪೊದೆ, ಯಾವುದು ನೆಲ ಎಂದು ಬೇರ್ಪಡಿಸುವುದು ನಮ್ಮ ಕೆಲಸ. ಅದಕ್ಕೊಂದು ಜರಡಿಯಿದೆ, ಕಂಪ್ಯೂಟರಿನದು. ಅದರ ಕಣ್ಣು ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವವರು ನಾವು. ಮರ ಪೊದೆಗಳನ್ನೆಲ್ಲ ಜರಡಿ ಹಿಡಿದು ತೆಗೆದ ಮೇಲೆ ಬರಿಯ ನೆಲ ಉಳಿಯುತ್ತದೆ. ಇಲ್ಲಿನ ಫರ್ ಮರಗಳ ಕೆಳಗೆ ಎಲ್ಲಿ ಗುಡ್ಡ ಜರುಗಿದೆ, ಕರೆಂಟಿನ ತಂತಿಗೆ ಯಾವ ಕೊಂಬೆ ತಾಗುತ್ತಿದೆ ಎಂದು ಹೀಗೆ ನೋಡಿಕೊಡುವುದೇ ನಮ್ಮ ಕಂಪನಿಯ ದಿನನಿತ್ಯದ ಕಸುಬಾಗಿತ್ತು.

ಪಕ್ಕದ ಮೇಜಿನವಳು ಜೆಸಿಂತಾ, ಉಡುಪಿ ಕಡೆಯವಳು, ಎಜುಕೇಶನ್ ಹಿಲ್‌ನಲ್ಲಿ ಮನೆ. ನನಗಿಂತ ಆರು ವರ್ಷ ಹಳಬಳು. ಜರಡಿ ಹಿಡಿಯುವುದನ್ನು ನನಗೆ ಕಲಿಸಿದವಳು ಅವಳೇ. ನಾನು ಒಂದು ವಾರದಲ್ಲಿ ಕಲಿತು, ಎರಡನೇ ವಾರದಲ್ಲಿ ಯಾರೂ ಹೇಳದ ಒಂದು ಕೆಲಸ ಶುರುಮಾಡಿದೆ. ಜರಡಿ ಒಂದು ಸುತ್ತು ಮುಗಿಸಿದ ಮೇಲೆ ಅಲ್ಲಲ್ಲಿ ಉಳಿಯುವ ಉಬ್ಬುತಗ್ಗುಗಳನ್ನು ತೆಗೆಯಲು ಎರಡನೇ ಸುತ್ತು ಓಡಿಸುವುದು. ಮೊಣಕಾಲೆತ್ತರದ ಯಾವ ಉಬ್ಬು ಕಂಡರೂ ಅದನ್ನು ಪೊದೆಯ ಲೆಕ್ಕಕ್ಕೆ ಹಾಕಿ ತೆಗೆಸುತ್ತಿದ್ದೆ. ಆಮೇಲೆ ನೆಲ ನುಣ್ಣಗೆ ಹೊಳೆಯುತ್ತಿತ್ತು.

"ಎಂತ ಮಾರಾಯ್ತಿ, ಗುಡಿಸಿದ್ದು ಸಾಕಾಗ್ಲಿಲ್ವಾ? ಒರೆಸ್ಲಿಕ್ಕೆ ಬೇರೆ ಹೊರಟಿದ್ದಿಯಾ?" ಎಂದು ಜೆಸಿಂತಾ ನಕ್ಕಳು.

"ಗುಡಿಸಿದ ಮೇಲೆ ಒರೆಸದೇ ಇದ್ರೆ ನಮ್ಮನೇಲಿ ಅದನ್ನ ಕ್ಲೀನ್ ಅನ್ನಲ್ಲ ಕಣೇ," ಎಂದೆ. ನಿಜವಾಗಿಯೂ ಅನ್ನುವುದಿಲ್ಲ. ನಮ್ಮಮ್ಮ ಗುಡಿಸಿ, ಒರೆಸಿ, ಒಣಗುವ ತನಕ ನಮ್ಮನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದಳು. ಕರೆಂಟಿನ ತಂತಿಯವರಿಗೆ ನನ್ನ ನುಣುಪು ನೆಲ ಬಹಳ ಹಿಡಿಸಿತು. ರಾವ್ ಗಾರು ನನ್ನ ಎರಡನೇ ಸುತ್ತನ್ನು ಬೇರೆಯವರಿಗೂ ತೋರಿಸಿದರು. ನಾನು ಬೀಗಿದೆ.

ಡಿಸೆಂಬರಿನಲ್ಲಿ ಗ್ವಾಟೆಮಾಲಾದ ಕೆಲಸ ಬಂತು. ಮಧ್ಯ ಅಮೆರಿಕದ ಆ ಕಾಡಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಯಾ ಜನರ ಊರುಗಳಿದ್ದವು. ಜನ ಬಿಟ್ಟು ಹೋದ ಮೇಲೆ ಕಾಡು ಎಲ್ಲವನ್ನೂ ಮುಚ್ಚಿಕೊಂಡಿತು. ಹಳೆಯ ಊರುಗಳನ್ನು ಹುಡುಕಿ ಅಗೆಯುವ ಪುರಾತತ್ವದವರು ಹತ್ತು ಅಡಿ ದೂರದಲ್ಲಿ ನಡೆದುಹೋದರೂ ಕಾಣದಷ್ಟು ದಟ್ಟ ಹಸಿರು. ವಿಮಾನ ಹಾರಿಸಿ ಆಗಿತ್ತು, ಚುಕ್ಕಿಗಳು ನಮ್ಮ ಕೈಗೆ ಬಂದಿದ್ದವು. ಆ ಕಡೆಯಿಂದ ನಮ್ಮೊಡನೆ ಮಾತಾಡುತ್ತಿದ್ದವಳು ಇಸಾಬೆಲ್, ಅಗೆತದ ತಂಡದ ಮುಖ್ಯಸ್ಥೆ. ಅವಳ ಅಜ್ಜಿಯ ಮನೆಮಾತು ಇವತ್ತಿಗೂ ಮಾಯಾ ಭಾಷೆಗಳಲ್ಲೇ ಒಂದು. ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಮಾತ್ರ ಆ ಕಾಡಿನಲ್ಲಿ ನಡೆದಾಡಬಹುದು, ಅಷ್ಟರಲ್ಲಿ ಎಲ್ಲಿಗೆ ಹೋಗಬೇಕು ಎಂಬುದನ್ನು ನಿಮ್ಮ ನಕ್ಷೆ ನೋಡಿಯೇ ತೀರ್ಮಾನಿಸುತ್ತೇವೆ ಎಂದು ಮೊದಲ ದಿನವೇ ಹೇಳಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ತಿಂಗಳನ್ನು ಮರೆಯುವ ಹಾಗಿಲ್ಲ. ಇಲ್ಲಿನ ಮಳೆ ನಮ್ಮೂರಿನ ಮಳೆಯಂತೆ ಸುರಿದು ಮುಗಿಸಿ ಹೋಗುವುದಿಲ್ಲ, ದಿನವಿಡೀ ಸೋರುತ್ತದೆ. ಬೆಳಿಗ್ಗೆ ಎಂಟಕ್ಕೆ ಬೆಳಕು, ಸಂಜೆ ನಾಲ್ಕೂವರೆಗೆ ಕತ್ತಲು. ಹೆದ್ದಾರಿಯಲ್ಲಿ ಮುಂದಿನ ಕಾರಿನ ಕೆಂಪು ದೀಪ ನೋಡುತ್ತಾ ಒಂದು ಗಂಟೆ ಡ್ರೈವ್ ಮಾಡಿ ಬಂದು ಕೂತರೆ, ಪರದೆಯ ಮೇಲೆ ಬಿಸಿಲ ನಾಡಿನ ಕಾಡು. ಒಂದೊಂದೇ ಚೌಕವಾಗಿ ಮರಗಳನ್ನು ತೆಗೆಯುತ್ತಾ ಹೋದೆವು. ಮೊದಲು ಒಂದು ಗುಡ್ಡ ಕಂಡಿತು. ಗುಡ್ಡಕ್ಕೆ ನಾಲ್ಕು ಮೂಲೆಯಿತ್ತು. ಮೆಟ್ಟಿಲಿತ್ತು. "ಜೀಸಸ್! ದೇವಸ್ಥಾನ ಅಲ್ವಾ ಇದು?" ಎಂದು ಜೆಸಿಂತಾ ಕುರ್ಚಿಯಿಂದ ಎದ್ದೇಬಿಟ್ಟಳು. ಆ ಮಧ್ಯಾಹ್ನ ಇಡೀ ಆಫೀಸು ನಮ್ಮ ಹಿಂದೆ ಬಂದು ನಿಂತಿತ್ತು. ಕ್ರಿಸ್‌ಮಸ್ಸಿಗೆಂದು ಅವಳು ತಂದಿದ್ದ ಕುಸ್ವಾರಿನ, ಅವರ ಹಬ್ಬದ ತಿಂಡಿಗಳ, ಡಬ್ಬ ನಿಂತಲ್ಲೇ ಖಾಲಿಯಾಯಿತು. ಆಮೇಲೆ ಇನ್ನೂ ಎರಡು ದೇಗುಲ, ಚೆಂಡಾಟದ ಒಂದು ಅಂಕಣ, ನೆಲದಿಂದ ಎತ್ತರಿಸಿ ಕಟ್ಟಿದ ಬಾಣದಂಥ ರಸ್ತೆ. ಯಾವ ಮನುಷ್ಯನೂ ಎಷ್ಟೋ ನೂರು ವರ್ಷ ಪೂರ್ತಿಯಾಗಿ ನೋಡಿರದ ಊರನ್ನು ಫ್ಯಾಕ್ಟೋರಿಯಾದ ಮೂರನೇ ಮಹಡಿಯಲ್ಲಿ ಕೂತು ನಾನು ನೋಡುತ್ತಿದ್ದೆ. ಖುಷಿಗೆ ಮೈ ಜುಮ್ಮೆನ್ನುತ್ತಿತ್ತು. ಅಷ್ಟು ದೊಡ್ಡ ಕೆಲಸಕ್ಕೆ ನನ್ನ ಎರಡನೇ ಸುತ್ತು ಇಲ್ಲದಿದ್ದರೆ ಹೇಗೆ? ಪ್ರತಿ ಚೌಕವನ್ನೂ ಗುಡಿಸಿದೆ, ಒರೆಸಿದೆ.

ಜನವರಿ ನಡುವಿಗೆ ನಕ್ಷೆ ಕಳಿಸಿದೆವು. ಇಸಾಬೆಲ್ ಒಪ್ಪಿ ಸಹಿ ಹಾಕಿದಳು. ರಾವ್ ಗಾರು ನನ್ನ ಮೇಜಿನ ಹತ್ತಿರ ಬಂದು, "ಸವಿತಮ್ಮಾ, ಇಷ್ಟು ಕ್ಲೀನ್ ಗ್ರೌಂಡ್ ನಾನು ಈ ಆಫೀಸಲ್ಲಿ ನೋಡಿಲ್ಲ. ಮೇಲಿನವರಿಗೂ ಹೇಳಿದೀನಿ. ಫೆಬ್ರವರಿ ಫಸ್ಟ್ ವೀಕ್, ಶುಕ್ರವಾರ, ನಿಮ್ಮ ಪರ್ಮನೆಂಟ್ ಲೆಟರ್ ಬಂದುಬಿಡುತ್ತೆ," ಎಂದರು. ಆ ಸಂಜೆ ಮನೆಗೆ ಹೋಗಿ ಪಾಯಸ ಮಾಡಿದೆ. ಇಂಚರಾಗೆ ಆಗ ಎಂಟು ವರ್ಷ. "ವಾಟ್ಸ್ ದ ಅಕೇಶನ್?" ಎಂದಳು. "ಅಮ್ಮಂಗೆ ಕೆಲಸ ಪರ್ಮನೆಂಟ್ ಆಗ್ತಿದೆ ಕಣೋ," ಎಂದೆ.

ಆ ಶುಕ್ರವಾರಕ್ಕೆ ಮೂರು ದಿನ ಮುಂಚೆ, ಮಂಗಳವಾರ ಬೆಳಿಗ್ಗೆ, ಗೋಡೆಗೆ ಅಂಟಿಸಲು ನಕ್ಷೆಯ ದೊಡ್ಡ ಪ್ರಿಂಟ್ ತೆಗೆಯೋಣವೆಂದು ಅದನ್ನು ತೆರೆದೆ. ದೊಡ್ಡ ದೇಗುಲದ ಮುಂದಿನಿಂದ ಹೊರಟ ಆ ಎತ್ತರದ ರಸ್ತೆಯ ಮೇಲೆ ಸುಮ್ಮನೆ ಕಣ್ಣಾಡಿಸಿದೆ. ಜೌಗು ನೆಲ ದಾಟಿ, ಏರು ಹತ್ತಿ, ಒಂದು ಬಯಲಿಗೆ ಬಂದು ತಟಕ್ಕನೆ ನಿಂತುಬಿಟ್ಟಿತ್ತು. ಆಚೆಗೆ ಏನೂ ಇಲ್ಲ. ಅಷ್ಟು ಕಲ್ಲು ಹೊತ್ತು, ಅಷ್ಟು ಜನ ದುಡಿದು, ಏನೂ ಇಲ್ಲದ ಕಡೆಗೆ ಯಾರಾದರೂ ರಸ್ತೆ ಮಾಡುತ್ತಾರೆಯೇ? ಚುನಾವಣೆ ಹತ್ತಿರ ಬಂದಾಗ ನಮ್ಮವರು ಮಾಡಬಹುದೇನೋ. ಮಾಯಾ ಜನಕ್ಕೆ ಅಂಥ ಅಗತ್ಯವಿದ್ದ ಹಾಗೆ ಕಾಣಲಿಲ್ಲ.

ಆ ಬಯಲಿನ ಚೌಕದ, ಜರಡಿ ಹಿಡಿಯುವ ಮುಂಚಿನ ಚುಕ್ಕಿಗಳನ್ನು ತೆರೆದೆ. ಒಂದು ಹೋಳು ಸೀಳಿ ಪಕ್ಕದಿಂದ ನೋಡಿದೆ. ಮೇಲೆ ಮರ, ನಡುವೆ ಪೊದೆ, ಕೆಳಗೆ ನೆಲ. ನಾನು ಪೊದೆ ಎಂದು ತೆಗೆದ ಚುಕ್ಕಿಗಳಲ್ಲಿ ಒಂದಿಷ್ಟು ಚಪ್ಪಟೆಯಾಗಿದ್ದವು. ಮೊಣಕಾಲೆತ್ತರ, ಮೇಲ್ಭಾಗ ಸಪಾಟು, ಅಂಚು ನೇರ. ಪೊದೆಯ ತಲೆ ಚಪ್ಪಟೆಯಾಗಿರುವುದಿಲ್ಲ. ಚುಕ್ಕಿಗಳನ್ನು ಮೆಲ್ಲಗೆ ತಿರುಗಿಸಿ ಮೇಲಿನಿಂದ ನೋಡಿದೆ. ಒಂದಲ್ಲ, ನಾಲ್ಕು ಇದ್ದವು. ನಾಲ್ಕೂ ನಡುವಿನ ಒಂದು ಖಾಲಿ ಚೌಕಕ್ಕೆ ಮುಖ ಮಾಡಿ, ಹೊರಗಿನ ಲೋಕಕ್ಕೆ ಬೆನ್ನು ಕೊಟ್ಟು ಕೂತಿದ್ದವು.

ನನಗೆ ತಕ್ಷಣ ಗೊತ್ತಾಯಿತು. ಇದು ವಠಾರ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಕೃಷ್ಣಮೂರ್ತಿಪುರದ ಒಂದು ವಠಾರದಲ್ಲಿ. ಐದು ಮನೆ, ನಡುವೆ ಒಂದು ಅಂಗಳ, ಅಂಗಳಕ್ಕೆ ಒಂದೇ ನಲ್ಲಿ. ಎಲ್ಲ ಮನೆಯ ಬಾಗಿಲೂ ಅಂಗಳಕ್ಕೆ. ಮಳೆ ನೀರು ನುಗ್ಗದಿರಲಿ ಎಂದು ಎಲ್ಲ ಮನೆಗೂ ಎರಡು ಮೆಟ್ಟಿಲಿನ ಕಟ್ಟೆ. ನಾನು ಕಾಲೇಜಿನಲ್ಲಿದ್ದಾಗ ಅದನ್ನು ಒಡೆದು ಕಲ್ಯಾಣ ಮಂಟಪದ ಪಾರ್ಕಿಂಗ್ ಮಾಡಿದರು. ಒಂದು ಫೋಟೋ ಸಹ ಉಳಿದಿಲ್ಲ. ಈಗ ಉಪಗ್ರಹದ ಚಿತ್ರದಲ್ಲಿ ಹುಡುಕಿದರೆ ಬೂದು ಕಾಂಕ್ರೀಟು, ಅದರ ಮೇಲೆ ಸಾಲು ಕಾರು.

ಇನ್ನೊಂದು ಚೌಕ ತೆರೆದೆ. ಅಲ್ಲಿ ಎರಡು ವಠಾರ. ಇನ್ನೊಂದರಲ್ಲಿ ಏಳು. ರಸ್ತೆ ಏನೂ ಇಲ್ಲದ ಕಡೆಗೆ ಹೋಗಿರಲಿಲ್ಲ, ಕೇರಿಗೆ ಹೋಗಿತ್ತು. ದೇಗುಲ ಎತ್ತರವಿತ್ತು, ಉಳಿಯಿತು. ರಸ್ತೆ ಉದ್ದವಿತ್ತು, ಉಳಿಯಿತು. ಗೋಡೆ ಚಾವಣಿ ಕೊಳೆತುಹೋಗಿ ಮನೆಗಳ ಕಟ್ಟೆಗಳು ಮಾತ್ರ ಮೊಣಕಾಲೆತ್ತರ ಉಳಿದಿದ್ದವು, ಅವನ್ನು ನಾನು ಒರೆಸಿಬಿಟ್ಟಿದ್ದೆ. ಮೊದಲನೇ ಸುತ್ತಿನ ಮೇಲೆ ನಿಲ್ಲಿಸಿದ್ದರೆ ಮಸುಕಾಗಿಯಾದರೂ ಕಾಣುತ್ತಿದ್ದವು. ಯಾರೂ ಕೇಳದ ಎರಡನೇ ಸುತ್ತು, ನನ್ನ ಹೆಮ್ಮೆಯ ಎರಡನೇ ಸುತ್ತೇ ಅವನ್ನು ತೆಗೆದಿತ್ತು. ಮೊದಲು ನಾಚಿಕೆಯಾಯಿತು. ಹೆದರಿಕೆ ಆಮೇಲೆ ಬಂತು.

ಮಧ್ಯಾಹ್ನ ಊಟದ ಡಬ್ಬ ಹಿಡಿದು ಜೆಸಿಂತಾಳ ಕಾರಿನಲ್ಲಿ ಕೂತು ಎಲ್ಲ ಹೇಳಿದೆ. ಅವಳು ತಿನ್ನುವುದನ್ನು ನಿಲ್ಲಿಸಿದಳು.

"ಎಷ್ಟು ಚೌಕದಲ್ಲಿ ಹೀಗೆ ಆಗಿದೆ?"

"ಎಲ್ಲದರಲ್ಲೂ ಇರ್ಬೇಕು ಕಣೇ. ಎಲ್ಲಾ ಚೌಕಕ್ಕೂ ಅದೇ ಓಡ್ಸಿದೀನಿ."

ಅವಳು ಡಬ್ಬದ ಮುಚ್ಚಳ ಹಾಕಿ, "ನೋಡು ಸವಿ, ಶುಕ್ರವಾರ ನಿನ್ನ ಲೆಟರ್ ಬರ್ತದೆ. ಸೋಮವಾರ ಹೇಳು. ಸಾವಿರ ವರ್ಷ ಮಣ್ಣಿನ ಕೆಳಗೆ ಇದ್ದ ಮನೆಗೆ ಇನ್ನು ಆರು ದಿವಸದಲ್ಲಿ ಎಂತ ಆಗ್ಲಿಕ್ಕುಂಟು? ಒಂಬತ್ತು ವರ್ಷ ಕಾದಿದ್ದಿ ಮಾರಾಯ್ತಿ," ಎಂದಳು.

ಅವಳು ಕೆಟ್ಟದ್ದೇನೂ ಹೇಳಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದಳು. ಸುಳ್ಳೇಕೆ, ನಾನು ಒಪ್ಪಿಯೂಬಿಟ್ಟೆ. ಆರು ದಿನ ತಾನೇ.

ಆ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಏಳೂವರೆ. ಅಮ್ಮ ಮೈಸೂರಿನಲ್ಲಿ ನನ್ನ ಅಕ್ಕನ ಜೊತೆ ಇದ್ದಾಳೆ. ಮನೆ ತುಂಬಾ ಮಕ್ಕಳು, ಆ ಮನೆಯಲ್ಲೂ ಅವಳದೇ ದರ್ಬಾರು. ಯಾಕೆ ಎಂದು ಹೇಳದೆ, "ಅಮ್ಮಾ, ನಮ್ಮ ವಠಾರ ಹೇಗಿತ್ತು ಅಂತ ಒಂದ್ಸಲ ಹೇಳು," ಎಂದೆ.

"ಹೇಗಿತ್ತು ಅಂದ್ರೆ? ನೀನೇ ಇದ್ಯಲ್ಲೇ ಅಲ್ಲಿ."

"ಆದ್ರೂ ಹೇಳು."

ಶುರುಮಾಡಿದಳು. ಯಾರ ಮನೆಯ ಪಕ್ಕ ಯಾರ ಮನೆ, ನಲ್ಲಿಯಲ್ಲಿ ಮೊದಲ ಕೊಡ ಯಾರದು, ಯಾವ ಕಟ್ಟೆಯ ಮೇಲೆ ಹಪ್ಪಳ ಒಣಗುತ್ತಿತ್ತು. "ಆ ನೆಲಕ್ಕೆ ಎಷ್ಟು ಸಲ ಕೆಂಪು ಗಾರೆ ಬಳಿಸಿದೀನಿ ಗೊತ್ತಾ? ಬಾಡಿಗೆ ಮನೆ, ಓನರ್ ಮಾಡ್ಸಲ್ಲ ಅಂದ. ನನ್ನ ಮನೆ ನೆಲ, ನಾನೇ ಮಾಡಿಸ್ಕೋತೀನಿ ಅಂದೆ. ಒಂದರ ಮೇಲೆ ಒಂದು ಬಳಿಸಿ ಬಳಿಸಿ ಹೊಸ್ತಿಲೇ ಗಿಡ್ಡ ಆಗಿತ್ತು." ಆಮೇಲೆ ಅವಳ ದನಿ ಇಳಿಯಿತು. "ಒಡೆಯೋ ಮುಂಚೆ ನಿಮ್ಮಪ್ಪ ಕಾರ್ಪೊರೇಷನ್ ಆಫೀಸಿಗೆ ಹೋಗಿ ಕೇಳಿದ್ರಲ್ಲ, ಐದು ಸಂಸಾರ ಇದೀವಿ ಸ್ವಾಮಿ ಅಂತ. ನಕ್ಷೇಲಿ ಅದು ಖಾಲಿ ಜಾಗ ಅಂತ ಇದೆ ಅಂದ್ರಂತೆ. ಇಪ್ಪತ್ತೆರಡು ವರ್ಷ ಇದ್ದೀವಿ ನಾವಲ್ಲಿ, ಖಾಲಿ ಜಾಗ ಅಂತೆ!"

ಇದು ನನಗೆ ಗೊತ್ತಿರಲಿಲ್ಲ. ಅಪ್ಪ ಯಾವತ್ತೂ ಹೇಳಿರಲಿಲ್ಲ. ಎಲ್ಲೋ ಒಂದು ಕಚೇರಿಯಲ್ಲಿ ಯಾರೋ ಒಬ್ಬ, ಕೆಲಸ ಬೇಗ ಮುಗಿಸಲೋ ನಕ್ಷೆ ಚೆಂದ ಕಾಣಲೋ, ನಮ್ಮ ಐದು ಮನೆಗಳನ್ನು ಬರೆಯದೆ ಬಿಟ್ಟಿದ್ದ. ಅವನ ಮೇಲೆ ಬಂದ ಸಿಟ್ಟು ಅವನಲ್ಲಿಗೆ ಹೋಗಿ ತಲುಪಲಿಲ್ಲ, ದಾರಿಯಲ್ಲಿ ನಾನೇ ಸಿಕ್ಕಿದೆ.

ಬುಧವಾರ ಬೆಳಿಗ್ಗೆ ರಾವ್ ಗಾರು ಕೋಟು ಬಿಚ್ಚುವ ಮೊದಲೇ ಅವರ ಬಾಗಿಲಲ್ಲಿದ್ದೆ. ಲ್ಯಾಪ್‌ಟಾಪ್ ತೆರೆದು ವಠಾರ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು.

"ಕ್ಲೈಂಟ್ ಸೈನ್ ಮಾಡಿ ಆಯ್ತಲ್ಲಮ್ಮಾ."

"ಸೈನ್ ಮಾಡಿದ್ದು ಅವರು ಸರ್. ಗುಡಿಸಿಹಾಕಿದ್ದು ನಾನು."

"ನೀವು ಹೇಳದೇ ಇದ್ದಿದ್ರೆ ಇದು ನನಗೂ ಗೊತ್ತಾಗ್ತಾ ಇರಲಿಲ್ಲ."

"ಗೊತ್ತು ಸರ್. ಅದಕ್ಕೇ ಹೇಳ್ತಿದೀನಿ."

ಅವರು ಬಾಗಿಲು ಹಾಕಿಕೊಂಡು ಮೇಲಿನವರೊಡನೆ ಮಾತಾಡಿದರು. ಅರ್ಧ ಗಂಟೆಯ ಮೇಲೆ ಹೊರಗೆ ಬಂದಾಗ ಮುಖ ಬಾಡಿತ್ತು. ಮತ್ತೆ ಮಾಡಿಕೊಡಲು ಒಪ್ಪಿಗೆ ಸಿಕ್ಕಿತ್ತು. "ಆದರೆ ಲೆಟರ್ ವಿಷಯ ಸದ್ಯಕ್ಕೆ ಮರೆತುಬಿಡಿ ಸವಿತಮ್ಮಾ," ಎಂದರು. "ಇಸಾಬೆಲ್‌ಗೆ ನಾನು ಹೇಳ್ಲಾ?"

"ಬೇಡ ಸರ್, ನಾನೇ ಹೇಳ್ತೀನಿ."

ಹೇಳಿದೆ. ಇಸಾಬೆಲ್ ನಮ್ಮ ನಕ್ಷೆ ತೆರೆದು ರಸ್ತೆ ಮುಗಿಯುವ ಕಡೆ ನೋಡಿದಳು. ಆಮೇಲೆ ಅವಳು, "ನಿಮ್ಮ ನಕ್ಷೆ ನಂಬಿ ಆ ಬಯಲನ್ನು ಬಿಟ್ಟುಬಿಡಿ ಎಂದು ನಿನ್ನೆ ತಾನೇ ನಮ್ಮವರಿಗೆ ಹೇಳಿದ್ದೇನೆ. ಈ ವರ್ಷ ಬಿಟ್ಟ ಜಾಗ ಮುಂದಿನ ವರ್ಷ ಕಾಡಾಗಿಯೇ ಇರುತ್ತದೆ ಎಂದು ಯಾರು ಹೇಳಬೇಕು? ದನ ಮೇಯಿಸಲು ಕಡಿದು ಸುಟ್ಟು, ಯಂತ್ರ ತಂದು ಮಟ್ಟ ಮಾಡುತ್ತಾರೆ," ಎಂದಳು. ಮತ್ತೆ ಹೇಳಿದಳು, "ನನ್ನ ಅಜ್ಜಿಯ ಮನೆ ಇರುವುದೂ ಮೊಣಕಾಲೆತ್ತರದ ಕಟ್ಟೆಯ ಮೇಲೆ. ನಿಮ್ಮ ಜರಡಿಗೆ ಅದೂ ಪೊದೆಯೇ ಅಲ್ಲವೇ?"

"ಹೌದು," ಎಂದೆ.

"ಎಷ್ಟು ದಿನ ಬೇಕು?"

"ಎಲ್ಲಕ್ಕೂ ಐದು ವಾರ. ರಸ್ತೆ ಮುಗಿಯುವ ಚೌಕ ನಾಳೆ ಕೊಡುತ್ತೇನೆ."

"ನಾಳೆ ಎಂದರೆ ನಾಳೆ," ಎಂದು ಕಾಲ್ ಮುಗಿಸಿದಳು. ಬೈಸಿಕೊಂಡ ಮೇಲೆ ನನಗೆ ವಿಚಿತ್ರವಾಗಿ ಧೈರ್ಯ ಬಂತು. ಮಾಡಿದ್ದು ನನಗೆ ಗೊತ್ತಿತ್ತು, ಮಾಡಬೇಕಾದ್ದೂ ಗೊತ್ತಿತ್ತು. ಈ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಯಾಕೆಂದರೆ ವಠಾರದಲ್ಲಿ ಇದ್ದವಳು ಅಲ್ಲಿ ನಾನೊಬ್ಬಳೇ.

ಮರುದಿನ ಹೇಳಿದ ಹೊತ್ತಿಗೆ ಆ ಚೌಕ ಕಳಿಸಿದೆ. ಉಳಿದ ಫೆಬ್ರವರಿ ಹಾಗೇ ಕಳೆಯಿತು. ಈ ಸಲ ಜರಡಿಯನ್ನು ನಂಬಲಿಲ್ಲ, ಒಂದೊಂದು ಚೌಕವನ್ನೂ ಕಣ್ಣಿನಿಂದ ನೋಡಿದೆವು. ನೆಲದ ಚಿತ್ರದ ಮೇಲೆ ಕಂಪ್ಯೂಟರಿನಲ್ಲೇ ಬಿಸಿಲು ಬೀಳಿಸಬಹುದು. ಬಿಸಿಲು ನೆತ್ತಿಯ ಮೇಲಿದ್ದರೆ ಏನೂ ಕಾಣುವುದಿಲ್ಲ. ಅದನ್ನು ಇಳಿಸುತ್ತಾ ಇಳಿಸುತ್ತಾ ಸಂಜೆ ಐದೂವರೆಯ ಮಟ್ಟಕ್ಕೆ ತಂದರೆ, ಗುಡಿಸಿದ ಮನೆಯಲ್ಲಿ ಉಳಿದ ಮರಳಿನ ಕಣ ಇಳಿಬಿಸಿಲಿಗೆ ಕಾಣುವಂತೆ, ಒಂದೊಂದು ಕಟ್ಟೆಯೂ ನೆರಳು ಚಾಚಿ ನಿಲ್ಲುತ್ತಿತ್ತು. ಇದನ್ನು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅಮ್ಮ ಸಂಜೆ ಹೊತ್ತು ಬಾಗಿಲಲ್ಲಿ ಬಗ್ಗಿ ನನ್ನ ಕಸಗುಡಿಕೆಯನ್ನು ಪರೀಕ್ಷೆ ಮಾಡುತ್ತಿದ್ದದ್ದೇ ಹೀಗೆ.

ಜೆಸಿಂತಾ ತನ್ನ ಕೆಲಸದ ಜೊತೆಗೆ ನನ್ನದರಲ್ಲಿ ಅರ್ಧ ಹಂಚಿಕೊಂಡಳು. "ಸೋಮವಾರ ಹೇಳು ಅಂತ ಹೇಳಿದವಳು ನಾನಲ್ವಾ, ಅದಕ್ಕೆ ದಂಡ ಇದು," ಎಂದಳು. ಚಪ್ಪಟೆ ಕಟ್ಟೆಗಳ ಗುಂಪಿಗೆ ಕಡತದಲ್ಲಿ ಒಂದು ಹೆಸರು ಬೇಕಿತ್ತು. ನಾನು 'ವಠಾರ' ಎಂದು ಹಾಕಿದೆ. ಒಂದು ವಾರದಲ್ಲಿ ರಾವ್ ಗಾರು, ಅಮೆರಿಕನ್ನರು, ಕೊನೆಗೆ ಇಸಾಬೆಲ್ ಕೂಡ ಅದನ್ನೇ ಹೇಳತೊಡಗಿದರು. ನಡುವೆ ಒಂದು ವಾರ ಹಿಮ ಬಿದ್ದು ನಮ್ಮ ಕಡೆಯ ಏರುರಸ್ತೆಗಳೆಲ್ಲ ಬಂದ್ ಆದವು. ಮಿಲ್ ಕ್ರೀಕ್‌ನ ಮನೆಯಲ್ಲೇ, ಊಟದ ಮೇಜಿನ ಮೇಲೆ ಕೆಲಸ. ಶಾಲೆಗೆ ರಜೆ, ಇಂಚರಾ ನನ್ನ ಭುಜಕ್ಕೆ ಗಲ್ಲ ಒತ್ತಿ ಕೂರುತ್ತಿದ್ದಳು.

"ಅಮ್ಮಾ, ದೇರ್! ಅನದರ್ ವಠಾರ!"

"ಎಲ್ಲೋ?"

"ರೈಟ್ ದೇರ್. ಯು ಆಲ್ಮೋಸ್ಟ್ ಮಿಸ್ಡ್ ಇಟ್."

ಹೌದು, ನೋಡದೆ ಬಿಟ್ಟೇಬಿಡುತ್ತಿದ್ದೆ. ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ ಅವಳು, 'ಠ' ಸರಿಯಾಗಿ ಬರದಿದ್ದರೂ ವಠಾರ ಎಂಬ ಮಾತು ಅವಳ ಬಾಯಿಯಲ್ಲಿ ಬಂದದ್ದೇ ನನಗೆ ಸಾಕಾಗಿತ್ತು. ಅವಳಿಗೆ ನಮ್ಮ ಐದು ಮನೆಗಳ ಕಥೆ ಹೇಳಿದ್ದು ಆ ಹಿಮದ ವಾರದಲ್ಲಿಯೇ.

ಮಾರ್ಚ್ ಎರಡನೇ ವಾರಕ್ಕೆ ಹೊಸ ನಕ್ಷೆ ಮುಗಿಯಿತು, ಹೇಳಿದ್ದಕ್ಕಿಂತ ಎರಡು ದಿನ ಮುಂಚೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಹಳೆಯದರಲ್ಲಿ ಮೂರು ದೇಗುಲ, ಒಂದು ರಸ್ತೆ, ಸುತ್ತ ನುಣ್ಣನೆಯ ಬಯಲು. ಹೊಸದರಲ್ಲಿ ಕೇರಿಗೆ ಕೇರಿ ಅಂಟಿಕೊಂಡು ಊರು ಗಿಜಿಗುಡುತ್ತಿತ್ತು. ರಾವ್ ಗಾರು ಬಹಳ ಹೊತ್ತು ನೋಡಿ, "ಇಷ್ಟು ಜನರನ್ನ ಮನೆ ಬಿಡಿಸಿಬಿಟ್ಟಿದ್ವಲ್ಲಮ್ಮಾ," ಎಂದರು. 'ನೀವು' ಎನ್ನದೆ ನಮ್ಮ ಎಲ್ಲರನ್ನೂ ಸೇರಿಸಿ ಹೇಳಿದ್ದಕ್ಕೆ ಅವರ ಮೇಲೆ ನನಗೆ ಇಂದಿಗೂ ಗೌರವ.

ಪರ್ಮನೆಂಟ್ ಲೆಟರ್ ಬರಲಿಲ್ಲ. ಕಾಂಟ್ರಾಕ್ಟನ್ನು ಬೇಸಿಗೆಯ ತನಕ ಮುಂದುವರಿಸಿದರು, ಅಷ್ಟೇ. ಆಮೇಲೆ ಕಂಪನಿ ಆ ಮಹಡಿಯನ್ನೇ ಬಿಟ್ಟುಕೊಟ್ಟಿತು. ಮುಂದಿನ ಕೆಲಸದ ಇಂಟರ್‌ವ್ಯೂನಲ್ಲಿ, ನೀವು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಕೇಳಿದರು. ಎರಡೂ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಕೆಲಸ ಸಿಕ್ಕಿತು. ಈಗ ನನ್ನ ಕೈಕೆಳಗೆ ಆರು ಜನರಿದ್ದಾರೆ, ಮೊದಲ ದಿನವೇ ಅವರಿಗೆ ಆ ರಸ್ತೆ ಕೊನೆಯಾಗುವ ಚೌಕವನ್ನು ತೋರಿಸುತ್ತೇನೆ. ಎರಡನೇ ಸುತ್ತು ಓಡಿಸುವವರಿಗೆ ನನ್ನ ಕೈಯಲ್ಲಿ ಮಂಗಳಾರತಿ ಖಾತ್ರಿ.

ಆದರೆ ಆ ವರ್ಷ ನನ್ನ ಪಾಲಿಗೆ ಮುಗಿದದ್ದು ಏಪ್ರಿಲ್ ಕೊನೆಯಲ್ಲಿ. ಕಿಟಕಿಯಾಚೆ ಚೆರಿ ಹೂವೆಲ್ಲ ಉದುರಿ ಪಾರ್ಕಿಂಗ್ ಜಾಗ ಗುಲಾಬಿಯಾಗಿತ್ತು. ಮಧ್ಯಾಹ್ನ ಇಸಾಬೆಲ್‌ಳಿಂದ ಒಂದು ಫೋಟೋ ಬಂತು. ಜೊತೆಗೆ ಒಂದೇ ಸಾಲು: 'ನಿಮ್ಮ ಮೊದಲನೇ ವಠಾರ.' ಉತ್ತರ ಬದಿಯ ಕಟ್ಟೆಯನ್ನು ಸೀಳಿ ಒಳಗನ್ನು ತೋರಿಸಿದ್ದರು. ಒಂದು ಮೂಲೆಯಲ್ಲಿ ಮಸಿ ಹಿಡಿದ ಮೂರು ಕಲ್ಲು, ಒಲೆ. ಅದರ ಮುಂದೆ ಸುಣ್ಣದ ಗಾರೆಯ ನೆಲ. ಸೀಳಿದ ಅಂಚಿನಲ್ಲಿ ಆ ನೆಲದ ಕೆಳಗೆ ಇನ್ನೊಂದು ನೆಲ ಕಾಣುತ್ತಿತ್ತು. ಅದರ ಕೆಳಗೆ ಮತ್ತೊಂದು. ಎಣಿಸಿದೆ, ಐದು. ಹಳತಾದಾಗಲೆಲ್ಲ ಯಾರೋ ಒಂದರ ಮೇಲೆ ಒಂದು ಬಳಿದಿದ್ದರು.

ಸಂಜೆ ಮನೆಗೆ ಹೋಗುವ ತನಕ ತಡೆಯಲಾಗಲಿಲ್ಲ. ಪಾರ್ಕಿಂಗಿನಲ್ಲಿ ನಿಂತು ಫೋಟೋವನ್ನು ಅಮ್ಮನಿಗೆ ಕಳಿಸಿ, ಅಲ್ಲಿ ಬೆಳಗಾಗಿ ಅವಳು ಎದ್ದಿರುವ ಹೊತ್ತು ನೋಡಿ ಫೋನ್ ಮಾಡಿದೆ. ಎಲ್ಲ ಹೇಳಿದೆ, ಕಾಡು, ಬೆಳಕು, ಸಾವಿರ ವರ್ಷ. ಅಮ್ಮ ಅದನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ.

"ಮೂಲೆ ನೋಡೇ," ಎಂದಳು. "ಒಲೆ ಹಿಂದಿನ ಮೂಲೇಲೂ ಬಳಿದಿದಾಳೆ. ಅಲ್ಲಿ ಯಾರು ನೋಡ್ತಾರೆ ಹೇಳು? ಅಚ್ಚುಕಟ್ಟಿನ ಹೆಂಗಸು ಕಣೇ."

ಆಗ ನನಗೆ ಅಳು ಬಂತು. "ಅಮ್ಮಾ, ಅವಳ ಮನೇನ ನಾನು ಕಸ ಅಂತ ಗುಡಿಸಿಹಾಕಿದ್ದೆ," ಎಂದೆ.

ಅಮ್ಮ ಕೇಳಿದ್ದು ಇಷ್ಟೇ:

"ಆಮೇಲೆ ಇದ್ದ ಜಾಗದಲ್ಲೇ ವಾಪಸ್ ಇಟ್ಯಾ?"

"ಇಟ್ಟೆ."

"ಮತ್ತೇನು? ಕಣ್ಣೊರೆಸ್ಕೊಂಡು ಮನೆಗೆ ಹೋಗು. ಫೋನ್ ಇಡ್ತೀನಿ, ಒಲೆ ಮೇಲೆ ಹಾಲಿಟ್ಟಿದೀನಿ."